ನರೆ ಬಂತು, ಬೀಗದ ಕೈ ಯಾರಿಗೆ?

ತಿಂಗಳ ಕೊನೆಯ ದಿನ ಸರ್ಕಾರಿ ಕಚೇರಿಗಳಲ್ಲಿ ಒಂದಲ್ಲ ಒಂದು ಬೀಳ್ಕೊಡುಗೆ ಇದ್ದೇ ಇರುತ್ತದೆ. 60 ತುಂಬಿದ ಮೇಷ್ಟರಿಗೋ ಹೆಡ್ ಕ್ಲಾರ್ಕಿಗೋ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಡುತ್ತಾರೆ. ಪಕ್ಕದ ಕುರ್ಚಿಯಲ್ಲಿ ಕುಳಿತ ಅವರ ಪತ್ನಿಗೂ ಕುಂಕುಮ, ಒಂದು ಸೀರೆ. ಮಾತಾಡಲು ಎದ್ದವರಲ್ಲಿ ಒಬ್ಬರಾದರೂ ‘ಇನ್ನೇನು, ಸಾಹೇಬರಿಗೆ ವಾನಪ್ರಸ್ಥ’ ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ಚಪ್ಪಾಳೆ ಬೀಳುತ್ತದೆ. ಮರುದಿನ ಸಾಹೇಬರಿಗೆ ಕಚೇರಿ ಇಲ್ಲ ಅನ್ನುವುದು ಬಿಟ್ಟರೆ ಮನೆಯಲ್ಲಿ ಏನೂ ಬದಲಾಗಿರುವುದಿಲ್ಲ. ಬೀರುವಿನ ಬೀಗದ ಕೈ ಅವರ ಹತ್ತಿರವೇ, ಪತ್ರಗಳ ಫೈಲು ಅವರ ತಲೆದಿಂಬಿನ ಪಕ್ಕದಲ್ಲೇ. ಬೆಳೆದು ನಿಂತ ಮಗ ಮನೆಗೆ ಬಣ್ಣ ಹೊಡೆಸಬೇಕಾದರೂ ‘ಅಪ್ಪನ್ನ ಒಂದು ಮಾತು ಕೇಳಬೇಕು’ ಎನ್ನುತ್ತಾನೆ.

ನಾವು ಹಗುರವಾಗಿ ಆಡುವ ಈ ಮಾತಿಗೂ ಧರ್ಮಶಾಸ್ತ್ರಗಳು ಹೇಳುವ ವಾನಪ್ರಸ್ಥಕ್ಕೂ ಬಹಳ ದೂರ. ಅಲ್ಲಿ ಅದು ಕೆಲಸ ಮುಗಿದವನ ವಿಶ್ರಾಂತಿಯಲ್ಲ. ಯಜಮಾನಿಕೆಯನ್ನು ಕೈಯಾರೆ ಒಪ್ಪಿಸಿ, ಇನ್ನೂ ನಡೆದಾಡುವ ಶಕ್ತಿ ಇರುವಾಗಲೇ ಮನೆಯಿಂದ ಹೊರಡುವ ವ್ರತ. ‘ಕಾಡು ಬಾ ಅನ್ನುತ್ತೆ, ಊರು ಹೋಗು ಅನ್ನುತ್ತೆ’ ಎಂದು ನಮ್ಮ ಹಿರಿಯರು ನಿಟ್ಟುಸಿರಿಟ್ಟು ಹೇಳುವ ಗಾದೆಯಲ್ಲಿ ಊರೇ ಮುದುಕನನ್ನು ಹೊರಗಟ್ಟುತ್ತಿದೆ. ಶಾಸ್ತ್ರದಲ್ಲಿ ಹಾಗಲ್ಲ, ಹೊರಡುವವನು ಅವನೇ. ವಾನಪ್ರಸ್ಥವನ್ನು ಅರಿಯಬೇಕಾದರೆ ಈ ವ್ಯತ್ಯಾಸವನ್ನು ಹಿಡಿದುಕೊಂಡೇ ಹೋಗಬೇಕು.

ಮೂರನೆಯ ಮೆಟ್ಟಿಲು

ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸ ಎಂಬ ನಾಲ್ಕು ಆಶ್ರಮಗಳನ್ನು ಶಾಲೆಯ ಪಠ್ಯದಲ್ಲಿ ಎಲ್ಲರೂ ಓದಿದ್ದೇವೆ. ನೂರು ವರ್ಷಕ್ಕೆ ನಾಲ್ಕು ಪಾಲು, ತಲಾ 25 ಎಂಬ ಲೆಕ್ಕವೂ ನೆನಪಿರುತ್ತದೆ. ಮನುಸ್ಮೃತಿಯೂ ಆಯುಷ್ಯದ ಭಾಗಗಳ ಮಾತಾಡುತ್ತದೆ, ಆದರೆ ಹೊರಡುವ ಹೊತ್ತನ್ನು ಅದು ವಯಸ್ಸಿನಿಂದ ಗುರುತಿಸುವುದಿಲ್ಲ. ಆರನೆಯ ಅಧ್ಯಾಯದ ಆರಂಭದಲ್ಲೇ ಅದು ಕೊಡುವುದು ಮೂರು ಗುರುತುಗಳನ್ನು: ಚರ್ಮ ಸುಕ್ಕಾಗಿರಬೇಕು, ಕೂದಲು ನರೆತಿರಬೇಕು, ಮಗನಿಗೆ ಮಗು ಹುಟ್ಟಿರಬೇಕು. ಮೊದಲೆರಡು ಮೈಯಲ್ಲಿ ಕಾಣುವಂಥವು. ಮೂರನೆಯದು ಮನೆಯಲ್ಲಿ. ಮೊಮ್ಮಗು ಬಂತೆಂದರೆ ಮಗ ತಾನೇ ತಂದೆಯಾದ ಎಂದರ್ಥ. ಒಂದೇ ಸೂರಿನ ಕೆಳಗೆ ಇಬ್ಬರು ಯಜಮಾನರಾದರು ಎಂದೂ ಅರ್ಥ.

ನರೆಗೂದಲಿನ ಈ ಎಚ್ಚರಿಕೆ ವೈದಿಕರಿಗಷ್ಟೇ ಸೀಮಿತವಲ್ಲ. ಬೌದ್ಧರ ಜಾತಕ ಕಥೆಗಳಲ್ಲಿ ಮಿಥಿಲೆಯ ಮಖಾದೇವನೆಂಬ ರಾಜ, ತಲೆಯಲ್ಲಿ ಬಿಳಿಗೂದಲು ಕಂಡ ದಿನ ತನಗೆ ಹೇಳಬೇಕೆಂದು ಕ್ಷೌರಿಕನಿಗೆ ಅಪ್ಪಣೆ ಮಾಡಿರುತ್ತಾನೆ. ಒಂದು ದಿನ ಅವನು ಚಿನ್ನದ ಚಿಮುಟದಿಂದ ಒಂದೇ ಒಂದು ಬಿಳಿಗೂದಲನ್ನು ಕಿತ್ತು ರಾಜನ ಅಂಗೈಯಲ್ಲಿಡುತ್ತಾನೆ. ರಾಜ ಅವನಿಗೆ ಒಂದು ಗ್ರಾಮವನ್ನು ಉಂಬಳಿ ಕೊಟ್ಟು, ಮಗನಿಗೆ ಪಟ್ಟ ಕಟ್ಟಿ ಹೊರಟುಬಿಡುತ್ತಾನೆ. ಸೋಮದೇವ ಸೂರಿಯ ‘ಯಶಸ್ತಿಲಕ’ ಹೇಳುವ ಯಶೋಧರನ ಕಥೆಯಲ್ಲೂ ತಂದೆ ಸಿಂಹಾಸನ ಬಿಡುವುದು ನರೆಗೂದಲು ಕಂಡೇ. ಅದೇ ಯಶೋಧರನ ಕಥೆಯನ್ನು ಕನ್ನಡಕ್ಕೆ ಕೊಟ್ಟವನು ಜನ್ನ.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ರಾಮನ 14 ವರ್ಷಗಳ ವನವಾಸ, ಪಾಂಡವರ 12 ವರ್ಷಗಳ ವನವಾಸ ವಾನಪ್ರಸ್ಥವಲ್ಲ. ಅವರು ಹೋದದ್ದು ಮಾತಿಗೆ, ಪಣಕ್ಕೆ ಕಟ್ಟುಬಿದ್ದು. ಅವಧಿ ಮುಗಿದೊಡನೆ ರಾಜ್ಯಕ್ಕೆ ಮರಳುವ ಹಕ್ಕು ಉಳಿಸಿಕೊಂಡು. ವಾನಪ್ರಸ್ಥನಿಗೆ ಮರಳುವ ದಾರಿಯಿಲ್ಲ.

ಕಾಡಿನ ದಿನಚರಿ

ಹೊರಡುವವನು ಏನೇನು ತೆಗೆದುಕೊಂಡು ಹೋಗಬಹುದು? ಮನು ಹೇಳುವಂತೆ ಅಗ್ನಿಹೋತ್ರದ ಬೆಂಕಿ, ಅದಕ್ಕೆ ಬೇಕಾದ ಪಾತ್ರೆಗಳು. ಹೆಂಡತಿಯನ್ನು ಮಕ್ಕಳ ಆಸರೆಯಲ್ಲಿ ಬಿಡಬಹುದು, ಇಲ್ಲವೇ ಜೊತೆಗೆ ಕರೆದೊಯ್ಯಬಹುದು. ಸಂನ್ಯಾಸಿಗೂ ವಾನಪ್ರಸ್ಥನಿಗೂ ಇರುವ ದೊಡ್ಡ ಅಂತರ ಇದೇ. ಸಂನ್ಯಾಸಿಗೆ ಬೆಂಕಿಯಿಲ್ಲ, ಹೆಂಡತಿಯಿಲ್ಲ, ನೆಲೆಯಿಲ್ಲ, ಅವನು ಭಿಕ್ಷೆ ಬೇಡಿ ಉಣ್ಣುವವನು. ವಾನಪ್ರಸ್ಥ ಕಾಡಿನಲ್ಲೂ ಅರ್ಧ ಗೃಹಸ್ಥನೇ. ಐದು ಮಹಾಯಜ್ಞಗಳನ್ನು ಬಿಡುವಂತಿಲ್ಲ, ಬಂದ ಅತಿಥಿಗೆ ತಾನು ತಿನ್ನುವುದರಲ್ಲೇ ಒಂದು ಪಾಲು ಕೊಡಬೇಕು. ಕೊಡಬೇಕೇ ಹೊರತು ಯಾರಿಂದಲೂ ತೆಗೆದುಕೊಳ್ಳಬಾರದು.

ಊಟದ ನಿಯಮ ಇನ್ನೂ ಕಠಿಣ. ಗೆಡ್ಡೆಗೆಣಸು, ಹಣ್ಣು, ಸೊಪ್ಪು, ತಾನಾಗಿ ಬೆಳೆದ ಕಾಡುಧಾನ್ಯ, ಇಷ್ಟೇ. ನೇಗಿಲು ತಾಗಿದ ನೆಲದಲ್ಲಿ ಬೆಳೆದದ್ದು, ಯಾರೋ ಬಿಸಾಡಿದ್ದೇ ಆಗಿರಲಿ, ಎಷ್ಟೇ ಹಸಿದಿರಲಿ, ಮುಟ್ಟುವಂತಿಲ್ಲ. ಈ ಒಂದು ನಿಯಮದಲ್ಲಿ ವಾನಪ್ರಸ್ಥದ ಅರ್ಥವೆಲ್ಲ ಅಡಗಿದೆ ಎಂದು ನನಗನಿಸುತ್ತದೆ. ನೇಗಿಲೆಂದರೆ ಹೊಲ, ಹೊಲವೆಂದರೆ ಒಡೆತನ, ಅದರ ಹಿಂದೆಯೇ ಬೇಲಿ, ಪಾಲು, ಜಗಳ. ಅದರ ಒಂದು ಕಾಳೂ ಹೊಟ್ಟೆಗೆ ಹೋಗಬಾರದು.

ದಾಸ್ತಾನು ಎಷ್ಟಿರಬಹುದು ಎಂಬುದಕ್ಕೂ ಲೆಕ್ಕವಿದೆ. ಆ ದಿನಕ್ಕಾಗುವಷ್ಟು ಕೂಡಿಡುವವರಿಂದ ಹಿಡಿದು ವರ್ಷಕ್ಕಾಗುವಷ್ಟು ಕೂಡಿಡುವವರ ತನಕ ದರ್ಜೆಗಳಿವೆ. ವರ್ಷದ್ದನ್ನು ಕೂಡಿಟ್ಟವನೂ ಆಶ್ವಯುಜ ಮಾಸ ಬಂದಾಗ ಉಳಿದ ಹಳೆಯ ಧಾನ್ಯವನ್ನೂ ಹಳೆಯ ಬಟ್ಟೆಯನ್ನೂ ಬಿಟ್ಟುಬಿಡಬೇಕು. ಉಡಲು ಚರ್ಮ ಅಥವಾ ನಾರುಮಡಿ. ಕೂದಲು, ಗಡ್ಡ, ಉಗುರು ಕತ್ತರಿಸುವಂತಿಲ್ಲ. ಬೇಸಿಗೆಯಲ್ಲಿ ನಾಲ್ಕು ಬೆಂಕಿಗಳ ನಡುವೆ ಬಿಸಿಲಿಗೆ ತಲೆಯೊಡ್ಡಿ ಕೂರುವುದು, ಮಳೆಗಾಲದಲ್ಲಿ ಬಯಲಲ್ಲಿ ನೆನೆಯುವುದು, ಚಳಿಗಾಲದಲ್ಲಿ ಒದ್ದೆ ಬಟ್ಟೆಯಲ್ಲಿರುವುದು. ರಾಮಾಯಣದ ಅರಣ್ಯಕಾಂಡದಲ್ಲಿ ಶರಭಂಗರ ಆಶ್ರಮಕ್ಕೆ ರಾಮನನ್ನು ಕಾಣಲು ಬರುವ ತಪಸ್ವಿಗಳ ಗುಂಪಿನಲ್ಲಿ ಇಂಥವರೆಲ್ಲ ಇದ್ದಾರೆ. ಹಲ್ಲನ್ನೇ ಒರಳು ಮಾಡಿಕೊಂಡು ಹಸಿಧಾನ್ಯ ಅಗಿಯುವವರು, ಕಲ್ಲಲ್ಲಿ ಜಜ್ಜಿ ತಿನ್ನುವವರು, ಎಲೆ ತಿಂದೇ ಬದುಕುವವರು. ಆ ಗುಂಪಿನ ‘ವೈಖಾನಸ’ರ ಹೆಸರು ನಮಗೆ ಇನ್ನೊಂದು ಕಡೆಯೂ ಪರಿಚಿತ. ತಿರುಮಲೆಯಲ್ಲಿ ಇಂದಿಗೂ ಪೂಜೆ ನಡೆಯುವುದು ವೈಖಾನಸ ಆಗಮದಂತೆ.

ಈ ದಾರಿ ಎಲ್ಲರಿಗೂ ತೆರೆದಿರಲಿಲ್ಲ ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಸ್ಮೃತಿಗಳು ಇದನ್ನು ಹೇಳಿದ್ದು ಮೇಲಿನ ಮೂರು ವರ್ಣಗಳ ಗಂಡಸರಿಗೆ. ಬೆವರು ಸುರಿಸಿ ಅವರನ್ನೆಲ್ಲ ಸಾಕುತ್ತಿದ್ದವರಿಗೆ ಮುಪ್ಪಿನಲ್ಲಿ ಬಿಡುವು ಕೊಡುವ ಆಶ್ರಮವನ್ನು ಯಾವ ಸ್ಮೃತಿಕಾರನೂ ಹೇಳಲಿಲ್ಲ.

ಅಸುರ ಮಾಡಿದ ವಿಂಗಡಣೆ

ನಾಲ್ಕು ಆಶ್ರಮಗಳು ವೇದಕಾಲದಿಂದ ಮೆಟ್ಟಿಲು ಮೆಟ್ಟಿಲಾಗಿ ನಡೆದುಬಂದವು ಎಂದು ನಾವು ನಂಬಿದ್ದೇವೆ. ಹಳೆಯ ಧರ್ಮಸೂತ್ರಗಳನ್ನು ತೆರೆದರೆ ಬೇರೆಯೇ ಚಿತ್ರ. ಅಲ್ಲಿ ಇವು ಒಂದರ ಮೇಲೊಂದು ಬರುವ ಹಂತಗಳಲ್ಲ, ವಿದ್ಯಾಭ್ಯಾಸ ಮುಗಿದ ತರುಣ ಆರಿಸಿಕೊಳ್ಳಬಹುದಾದ ನಾಲ್ಕು ದಾರಿಗಳು. ಮದುವೆಯಾಗಬಹುದು, ಕಾಡಿಗೆ ಹೋಗಬಹುದು, ಸಂನ್ಯಾಸಿಯಾಗಬಹುದು, ಕೊನೆಯವರೆಗೂ ಗುರುವಿನ ಮನೆಯಲ್ಲೇ ಉಳಿಯಬಹುದು. ವಿದ್ವಾಂಸ ಪ್ಯಾಟ್ರಿಕ್ ಒಲಿವೆಲ್ 1993ರಲ್ಲಿ ಪ್ರಕಟಿಸಿದ ಆಶ್ರಮ ವ್ಯವಸ್ಥೆಯ ಅಧ್ಯಯನದಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ಕಾಲಕ್ರಮದಲ್ಲಿ ಈ ಆಯ್ಕೆಗಳೇ ಸರದಿಯಾದವು, ಕಾಡು ಮುಪ್ಪಿನ ಪಾಲಿಗೆ ಬಂತು. ಮನುಸ್ಮೃತಿಯ ಹೊತ್ತಿಗೆ ಮೆಟ್ಟಿಲುಗಳು ಗಟ್ಟಿಯಾಗಿದ್ದವು.

ಆಯ್ಕೆಯಾಗಿದ್ದ ಕಾಲದಲ್ಲೂ ಒಪ್ಪದವರಿದ್ದರು. ಗೌತಮ ಧರ್ಮಸೂತ್ರ, ಇರುವುದು ಗೃಹಸ್ಥಾಶ್ರಮ ಒಂದೇ ಎನ್ನುವ ಆಚಾರ್ಯರ ಮತವನ್ನು ದಾಖಲಿಸುತ್ತದೆ. ಬೌಧಾಯನ ಧರ್ಮಸೂತ್ರ ಇನ್ನೂ ಖಾರವಾಗಿದೆ. ಪ್ರಹ್ಲಾದನ ಮಗ ಕಪಿಲನೆಂಬ ಅಸುರ ದೇವತೆಗಳ ಮೇಲಿನ ಸ್ಪರ್ಧೆಯಿಂದ ಈ ವಿಂಗಡಣೆ ಮಾಡಿದ, ತಿಳಿದವನು ಇದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಬಾರದು ಎನ್ನುತ್ತದೆ. ಎಲ್ಲರೂ ಮನೆಬಿಟ್ಟು ನಡೆದರೆ ದೇವತೆಗಳಿಗೆ ಹವಿಸ್ಸು ಕೊಡುವವರಾರು ಎಂಬುದು ಒಪ್ಪದವರ ಚಿಂತೆ. ಮನು ಕೂಡ ವಾನಪ್ರಸ್ಥ, ಸಂನ್ಯಾಸಗಳನ್ನು ವಿಸ್ತಾರವಾಗಿ ಹೇಳಿ ಮುಗಿಸುವಾಗ ಗೃಹಸ್ಥನೇ ಎಲ್ಲರಿಗಿಂತ ಶ್ರೇಷ್ಠ, ಉಳಿದ ಮೂವರನ್ನು ಹೊರುವವನು ಅವನೇ ಎನ್ನುತ್ತಾನೆ.

ಹಸ್ತಿನಾವತಿಯಿಂದ ಹೊರಟ ಮೂವರು

ನಿಯಮಗಳನ್ನು ಸ್ಮೃತಿಯಲ್ಲಿ ಓದಬಹುದು. ಆದರೆ ಮನೆ ಬಿಡುವಾಗ ಮನುಷ್ಯನಿಗೆ ಏನಾಗುತ್ತದೆಂದು ತಿಳಿಯಬೇಕಾದರೆ ಮಹಾಭಾರತದ ಆಶ್ರಮವಾಸಿಕ ಪರ್ವಕ್ಕೇ ಹೋಗಬೇಕು. ಕನ್ನಡಿಗರಾದ ನಮಗೆ ಈ ಭಾಗ ಅಷ್ಟಾಗಿ ಪರಿಚಯವಿಲ್ಲ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ, ಆದರೆ ಗಮಕದ ಕಟ್ಟೆಗಳಲ್ಲಿ ಅದಕ್ಕೆ ಗದುಗಿನ ಭಾರತದ ಬಳಕೆ ಬರಲಿಲ್ಲ.

ಯುದ್ಧ ಮುಗಿದು 15 ವರ್ಷಗಳಾಗಿವೆ. ಧರ್ಮರಾಯ ದೊಡ್ಡಪ್ಪ ಧೃತರಾಷ್ಟ್ರನನ್ನು ರಾಜನಂತೆಯೇ ನೋಡಿಕೊಳ್ಳುತ್ತಿದ್ದಾನೆ. ಊಟ, ಉಡಿಗೆ, ಮರ್ಯಾದೆ ಯಾವುದಕ್ಕೂ ಕೊರತೆಯಿಲ್ಲ. ಭೀಮ ಮಾತ್ರ ಅಣ್ಣನಿಗೆ ಗೊತ್ತಾಗದಂತೆ, ಮುದುಕನ ಕಿವಿಗೆ ಬೀಳುವ ಹಾಗೆ ತೋಳು ತಟ್ಟಿಕೊಂಡು, ಕುರುಡನ ಮಕ್ಕಳನ್ನು ಮುಗಿಸಿದ್ದು ಈ ತೋಳುಗಳೇ ಎಂದು ಗೆಳೆಯರೆದುರು ಆಡುತ್ತಾನೆ. ಮಕ್ಕಳ ಮನೆಯಲ್ಲಿ ಹಂಗಿನ ಅನ್ನ ಉಣ್ಣುವ ಎಷ್ಟು ಹಿರಿಯರು ಈ ದೃಶ್ಯವನ್ನು ತಮ್ಮದೆಂದು ಗುರುತಿಸಿಯಾರು! ಧೃತರಾಷ್ಟ್ರ ಯಾರಿಗೂ ಹೇಳದೆ ಊಟ ಕಡಿಮೆ ಮಾಡುತ್ತಾನೆ, ನೆಲದ ಮೇಲೆ ಮಲಗುತ್ತಾನೆ. ಕೊನೆಗೊಂದು ದಿನ ಕಾಡಿಗೆ ಹೋಗಲು ಅಪ್ಪಣೆ ಕೇಳುತ್ತಾನೆ.

ಧರ್ಮರಾಯ ಕಂಗಾಲಾಗುತ್ತಾನೆ. ನೀವು ಉಪವಾಸವಿದ್ದದ್ದೂ ತಿಳಿಯದೆ ಹೋಯಿತಲ್ಲ ಎಂದು ಹಲುಬುತ್ತಾನೆ. ರಾಜ್ಯವನ್ನು ನಿಮ್ಮ ಮಗ ಯುಯುತ್ಸುವಿಗೇ ಕೊಡಿ, ನಾನೂ ನಿಮ್ಮ ಜೊತೆ ಬರುತ್ತೇನೆ ಎನ್ನುತ್ತಾನೆ. ವ್ಯಾಸರೇ ಬಂದು ಹೇಳಿದ ಮೇಲಷ್ಟೇ ಒಪ್ಪುತ್ತಾನೆ. ಆಮೇಲೆ ನಡೆಯುವುದು ಒಂದು ಕ್ರಮಬದ್ಧವಾದ ಒಪ್ಪಿಸುವಿಕೆ. ಧೃತರಾಷ್ಟ್ರ ಧರ್ಮರಾಯನಿಗೆ ರಾಜನೀತಿಯನ್ನೆಲ್ಲ ಕೂರಿಸಿಕೊಂಡು ಹೇಳುತ್ತಾನೆ. ಪ್ರಜೆಗಳನ್ನು ಕರೆಸಿ, ತನ್ನಿಂದಲೂ ತನ್ನ ಮಕ್ಕಳಿಂದಲೂ ಆದ ತಪ್ಪಿಗೆ ಕ್ಷಮೆ ಕೇಳುತ್ತಾನೆ. ಸತ್ತ ಮಕ್ಕಳ, ಭೀಷ್ಮ ದ್ರೋಣರ ಶ್ರಾದ್ಧಕ್ಕೆ ಹಣ ಬೇಕೆಂದು ವಿದುರನ ಕೈಲಿ ಹೇಳಿಕಳಿಸುತ್ತಾನೆ. ಭೀಮ ಸಿಡುಕುತ್ತಾನೆ, ಅರ್ಜುನ ಅವನನ್ನು ಸಮಾಧಾನ ಮಾಡುತ್ತಾನೆ, ಧರ್ಮರಾಯ ತನ್ನ ಬೊಕ್ಕಸದಿಂದ ಬೇಕಾದಷ್ಟು ತೆಗೆದುಕೊಳ್ಳಲಿ ಎಂದು ಕಳಿಸುತ್ತಾನೆ.

ಕಾರ್ತಿಕ ಹುಣ್ಣಿಮೆಯ ದಿನ ಹೊರಡುತ್ತಾರೆ. ಮುಂದೆ ಕುಂತಿ. ಅವಳ ಹೆಗಲ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿದ ಗಾಂಧಾರಿಯ ಕೈ. ಗಾಂಧಾರಿಯ ಹೆಗಲ ಮೇಲೆ ಕುರುಡ ಗಂಡನ ಕೈ. ಜೊತೆಗೆ ವಿದುರ, ಸಂಜಯ. ಕುಂತಿ ಬೀಳ್ಕೊಡಲು ಬಂದಿದ್ದಾಳೆಂದು ಮಕ್ಕಳು ತಿಳಿದಿದ್ದರು. ಊರ ಹೊರಗೆ ಬಂದ ಮೇಲೆ ಅವಳು ಹಿಂತಿರುಗುವುದಿಲ್ಲ ಎನ್ನುತ್ತಾಳೆ. ಹಾಗಿದ್ದರೆ ನಮ್ಮನ್ನು ಯುದ್ಧಕ್ಕೆ ಹುರಿದುಂಬಿಸಿದ್ದೇಕೆ ಎಂದು ಮಕ್ಕಳು ಅಳುತ್ತಾರೆ. ಅವಳ ಉತ್ತರದ ತಾತ್ಪರ್ಯ ಇದು: ನೀವು ಇನ್ನೊಬ್ಬರ ಮುಖ ನೋಡಿ ಬದುಕಬಾರದೆಂದು ಹೇಳಿದೆ. ಗಂಡನ ಕಾಲದಲ್ಲಿ ರಾಜ್ಯದ ಸುಖ ಉಂಡಿದ್ದೇನೆ, ಮಕ್ಕಳು ಗೆದ್ದ ರಾಜ್ಯದ ಫಲ ನನಗೆ ಬೇಡ.

ಕುರುಕ್ಷೇತ್ರದಲ್ಲಿ ಶತಯೂಪನೆಂಬುವನು ಇವರಿಗೆ ಕಾಡಿನ ನಿಯಮಗಳನ್ನು ಕಲಿಸುತ್ತಾನೆ. ಅವನೂ ಮಗನಿಗೆ ರಾಜ್ಯ ಬಿಟ್ಟುಬಂದ ಕೇಕಯದ ಅರಸನೇ. ಪಾಂಡವರು ಪರಿವಾರ ಸಮೇತ ನೋಡಲು ಬಂದು ಒಂದು ತಿಂಗಳಷ್ಟು ದಿನ ಉಳಿಯುತ್ತಾರೆ. ಕಾಡಿಗೆ ಹೋದರೆ ನಂಟು ಕಡಿಯಿತೆಂದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಭೇಟಿಯಲ್ಲೇ ವಿದುರ ಮರಕ್ಕೊರಗಿ ನಿಂತು ಧರ್ಮರಾಯನನ್ನು ನೋಡುತ್ತ ದೇಹ ಬಿಡುತ್ತಾನೆ. ಪಾಂಡವರು ಮರಳಿದ ಎರಡು ವರ್ಷಕ್ಕೆ ನಾರದರು ಸುದ್ದಿ ತರುತ್ತಾರೆ. ಗಂಗಾದ್ವಾರದ ಬಳಿ ಕಾಳ್ಗಿಚ್ಚು ಎದ್ದಿತು, ಉಪವಾಸದಿಂದ ಸೊರಗಿದ ಮೂವರಿಗೂ ಓಡುವ ತ್ರಾಣವಿರಲಿಲ್ಲ, ಸಂಜಯನನ್ನು ಕಳಿಸಿಕೊಟ್ಟು ಪೂರ್ವಕ್ಕೆ ಮುಖಮಾಡಿ ಕುಳಿತರು. ಆ ಬೆಂಕಿ ಬೇರೆಯದಲ್ಲ, ಧೃತರಾಷ್ಟ್ರನ ಹೋಮದ್ದೇ.

ಹೆಂಗಸರ ಪಾಲಿನ ಕಾಡು

ಸ್ಮೃತಿಯಲ್ಲಿ ಹೆಂಡತಿ ಎಂದರೆ ಬಿಟ್ಟುಹೋಗಬಹುದಾದವಳು ಅಥವಾ ಕರೆದೊಯ್ಯಬಹುದಾದವಳು. ಅವಳನ್ನು ಕೇಳುವ ಪ್ರಸ್ತಾಪವಿಲ್ಲ. ಮಹಾಕಾವ್ಯದ ಹೆಂಗಸರು ಅಷ್ಟಕ್ಕೆ ನಿಲ್ಲುವವರಲ್ಲ. ಕುಂತಿ ಹೊರಡುವುದಕ್ಕೆ ಬಹಳ ಮೊದಲೇ, ಪಾಂಡು ಸತ್ತ ಮೇಲೆ, ಮುಂದಿನ ದಿನಗಳು ಕೆಟ್ಟವು, ಕುಲನಾಶ ನೋಡಲು ಇರಬೇಡ ಎಂದು ವ್ಯಾಸರು ತಾಯಿ ಸತ್ಯವತಿಗೆ ಹೇಳುತ್ತಾರೆ. ಅವಳು ಅಂಬಿಕೆ, ಅಂಬಾಲಿಕೆಯರನ್ನು ಕರೆದುಕೊಂಡು ಭೀಷ್ಮನಿಗೆ ಹೇಳಿ ಹೊರಟುಬಿಡುತ್ತಾಳೆ. ಅತ್ತೆ, ಇಬ್ಬರು ಸೊಸೆಯಂದಿರು, ಮೂವರೂ ವಿಧವೆಯರು. ಗಂಡಸಿನ ಬೆಂಗಾವಲಿಲ್ಲದ ವಾನಪ್ರಸ್ಥ ಇದು. ಕೃಷ್ಣ ಹೋದ ಮೇಲೆ ಸತ್ಯಭಾಮೆ ಮೊದಲಾದವರೂ ತಪಸ್ಸಿಗೆ ಕಾಡು ಸೇರುತ್ತಾರೆ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮನೆ ಬಿಡುವ ಮುನ್ನ ಆಸ್ತಿಯನ್ನು ಇಬ್ಬರು ಹೆಂಡಿರಿಗೆ ಹಂಚಲು ಕೂರುತ್ತಾನೆ. ಈ ಆಸ್ತಿಯಿಂದ ಅಮೃತತ್ವ ಸಿಗುವುದೇ ಎಂದು ಮೈತ್ರೇಯಿ ಕೇಳುತ್ತಾಳೆ. ಇಲ್ಲ ಎಂದಾಗ, ಹಾಗಾದರೆ ಇದನ್ನಿಟ್ಟುಕೊಂಡು ನಾನೇನು ಮಾಡಲಿ, ನಿನಗೆ ತಿಳಿದದ್ದನ್ನು ಹೇಳು ಎನ್ನುತ್ತಾಳೆ. ಹೊರಡುವವನ ಮೈಮೇಲಿನ ಧೂಳನ್ನು ಅವಳು ಒಂದೇ ಪ್ರಶ್ನೆಯಲ್ಲಿ ಕೊಡವಿಬಿಟ್ಟಳು.

ಊರ ಹೊರಗಿನ ರಘು

ಕಾಡಿಗೆ ಹೋಗದೆಯೂ ಹೋಗುವ ನಡುದಾರಿಯೊಂದನ್ನು ಕಾಳಿದಾಸ ತೋರಿಸಿದ್ದಾನೆ. ರಘುವಂಶದ ಎಂಟನೆಯ ಸರ್ಗದಲ್ಲಿ ರಘು ಮಗ ಅಜನಿಗೆ ರಾಜ್ಯ ಒಪ್ಪಿಸಿ ಹೊರಡಲು ಅಣಿಯಾದಾಗ, ಅಜ ಕಾಲಿಗೆ ಬಿದ್ದು, ಬಿಟ್ಟುಹೋಗಬೇಡಿ ಎಂದು ಬೇಡುತ್ತಾನೆ. ರಘು ಮಗನ ಮಾತಿಗೆ ಸೋಲುತ್ತಾನೆ, ಆದರೆ ಬಿಟ್ಟ ಸಿರಿಯನ್ನು ಮತ್ತೆ ಮುಟ್ಟುವುದಿಲ್ಲ. ಊರ ಹೊರಗೆ ನೆಲೆಸುತ್ತಾನೆ. ಮಗನಿಗೆ ಅಪ್ಪ ಕೈಗೆಟುಕುವಷ್ಟು ಹತ್ತಿರ, ಅರಮನೆಯ ಕಾರುಬಾರು ಅಪ್ಪನಿಗೆ ಕೇಳಿಸದಷ್ಟು ದೂರ. ಶಾಸ್ತ್ರದ ನಿಷ್ಠುರ ಕಾಡಿಗಿಂತ ಈ ಏರ್ಪಾಡೇ ನನಗೆ ಹೆಚ್ಚು ಮಾನವೀಯವಾಗಿ ಕಾಣುತ್ತದೆ.

ಕನ್ನಡ ನಾಡಿನ ಅರಸರಲ್ಲಿ ಸಿಂಹಾಸನ ಬಿಟ್ಟವರ ದಾರಿ ಹೆಚ್ಚಾಗಿ ಜೈನರದು. 10ನೇ ಶತಮಾನದ ಗಂಗರ ಇಮ್ಮಡಿ ಮಾರಸಿಂಹ ರಾಜ್ಯ ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅದು ವಾನಪ್ರಸ್ಥವಲ್ಲ, ದೇಹವನ್ನೇ ಒಪ್ಪಿಸುವ ವ್ರತ. ಎರಡು ಶತಮಾನಗಳ ಬಳಿಕ ಬಂದ ಶರಣರಂತೂ ಸಂಸಾರದಲ್ಲಿದ್ದೇ, ಕಾಯಕ ಮಾಡುತ್ತಲೇ ಕಾಣಬೇಕಾದದ್ದನ್ನು ಕಾಣಬಹುದೆಂದು ನಂಬಿದವರು. ಅವರಿಗೆ ಕಾಡಿನ ಅಗತ್ಯವೇ ಬೀಳಲಿಲ್ಲ.

ಕಲಿಯುಗಕ್ಕೆ ಬೇಡವಾದದ್ದು

ಶಾಸ್ತ್ರಕಾರರೇ ಒಂದು ದಿನ ವಾನಪ್ರಸ್ಥದ ಬಾಗಿಲು ಮುಚ್ಚಿದರು. ಹಿಂದಿನ ಯುಗಗಳಲ್ಲಿ ನಡೆಯುತ್ತಿತ್ತು, ಈಗ ಸಲ್ಲದು ಎಂಬ ಆಚರಣೆಗಳನ್ನು ಮಧ್ಯಯುಗದ ಪಂಡಿತರು ‘ಕಲಿವರ್ಜ್ಯ’ ಎಂದು ಪಟ್ಟಿ ಮಾಡಿದರು. ಬೃಹನ್ನಾರದೀಯ ಪುರಾಣದ ಪಟ್ಟಿಯಲ್ಲಿ ನಿಯೋಗ, ಶ್ರಾದ್ಧದಲ್ಲಿ ಮಾಂಸ ಇವುಗಳ ಜೊತೆ ವಾನಪ್ರಸ್ಥಾಶ್ರಮವೂ ಸೇರಿದೆ. ಅದೇ ಪಟ್ಟಿಯಲ್ಲಿ ಸಮುದ್ರಯಾನವೂ ಇದೆ. ಸಮುದ್ರ ದಾಟಬಾರದೆಂಬುದನ್ನು ನಾವು ಎಂದೋ ಮರೆತೆವು. ಕಾಡಿಗೆ ಹೋಗಬಾರದೆಂಬುದನ್ನು ಯಾರೂ ಹೇಳದೆಯೇ ಪಾಲಿಸಿದೆವು.

ಆಧುನಿಕ ಕಾಲದಲ್ಲಿ ವಾನಪ್ರಸ್ಥಕ್ಕೆ ಮತ್ತೆ ಜೀವ ಕೊಡಲು ಹೊರಟವರಲ್ಲಿ ಆರ್ಯ ಸಮಾಜದವರು ಮುಖ್ಯರು. ಹರಿದ್ವಾರದ ಬಳಿ ಜ್ವಾಲಾಪುರದಲ್ಲಿ ಅವರ ವಾನಪ್ರಸ್ಥ ಆಶ್ರಮವಿದೆ. ಸಾರ್ವಜನಿಕ ಜೀವನದಲ್ಲಿ ನಾನಾಜಿ ದೇಶಮುಖ್ ಅವರು 60 ದಾಟಿದ ಮೇಲೆ, 1978ರಲ್ಲಿ ಅಧಿಕಾರ ರಾಜಕಾರಣ ಬಿಟ್ಟು ಗೊಂಡಾ, ಆಮೇಲೆ ಚಿತ್ರಕೂಟದ ಹಳ್ಳಿಗಳ ಕೆಲಸಕ್ಕೆ ತೊಡಗಿದ್ದು ಎದ್ದುಕಾಣುವ ಉದಾಹರಣೆ. ಅವರ ಹಾದಿ ಹಿಡಿದ ರಾಜಕಾರಣಿಗಳು ವಿರಳ.

ದಾನಪತ್ರ ಬರೆಯುವ ಮುನ್ನ

2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ. ಯಜಮಾನಿಕೆ ಯಾವಾಗ, ಹೇಗೆ ಬಿಡಬೇಕು ಎಂಬ ಪ್ರಶ್ನೆ ಆ ಒಂದೊಂದು ಮನೆಯಲ್ಲೂ ಇದೆ. ಕೆಲವರು ಕೊನೆಯುಸಿರಿನ ತನಕ ಬಿಡುವುದಿಲ್ಲ, ಮಗ ತಾನೇ ಮುದುಕನಾಗುತ್ತಾನೆ. ಕೆಲವರು ಪ್ರೀತಿಯಿಂದ ಎಲ್ಲವನ್ನೂ ಒಂದೇ ದಿನ ಬರೆದುಕೊಟ್ಟು, ಆರು ತಿಂಗಳಲ್ಲಿ ತಾವು ಕಟ್ಟಿಸಿದ ಮನೆಯ ಹಿಂದಿನ ಕೋಣೆಗೆ, ಅಲ್ಲಿಂದ ವೃದ್ಧಾಶ್ರಮಕ್ಕೆ ಸಾಗುತ್ತಾರೆ. ಹಾಗೆ ಸಾಗಿಸುವುದನ್ನು ‘ವಾನಪ್ರಸ್ಥ’ ಎಂದು ಕರೆಯುವುದು ಕೇಳಿದಾಗ ನನಗೆ ಸಂಕಟವಾಗುತ್ತದೆ. ಪುರಾಣ, ಕಾವ್ಯಗಳಲ್ಲಿ ಹಿರಿಯರು ಹೊರಟಾಗ ಬೇಡ ಎಂದು ಕಾಲು ಹಿಡಿಯುವವರು ಮಕ್ಕಳು.

ಬಿಡುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಉಯಿಲು ಬರೆದರೆ ಅದು ಜಾರಿಯಾಗುವುದು ಬರೆದವರ ಕಾಲಾನಂತರ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ದಾನಪತ್ರ ಹಾಗಲ್ಲ, ಅದರೊಡನೆ ಒಡೆತನವೇ ಕೈಬಿಡುತ್ತದೆ. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಕಲಮು, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಕ್ಕಳು ಷರತ್ತು ಮುರಿದರೆ, ರದ್ದುಪಡಿಸುವ ಅಧಿಕಾರವನ್ನು ನ್ಯಾಯಮಂಡಳಿಗೆ ಕೊಟ್ಟಿದೆ. ಕರ್ನಾಟಕದಲ್ಲಿ ಈ ಮಂಡಳಿ ಉಪವಿಭಾಗಾಧಿಕಾರಿಯದು, ಜನ ‘ಎ.ಸಿ. ಕೋರ್ಟು’ ಎನ್ನುವುದು ಇದನ್ನೇ. ಅಂಥ ಷರತ್ತು ಇತ್ತೆಂದು ತೋರಿಸಬೇಕಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ತೀರ್ಪೊಂದರಲ್ಲಿ ಹೇಳಿತು. 2025ರ ಇನ್ನೊಂದು ತೀರ್ಪು, ಹಿರಿಯರಿಗೆ ನೆರವಾಗುವಂತೆ ಕಾಯ್ದೆಯನ್ನು ಉದಾರವಾಗಿ ಓದಬೇಕೆಂದು ಹೇಳಿ ತಾಯಿಯೊಬ್ಬರಿಗೆ ಆಸ್ತಿಯನ್ನು ಮರಳಿಸಿತು. ಆದ್ದರಿಂದ ಷರತ್ತನ್ನು ಬಾಯಿಮಾತಿಗೆ ಬಿಡದೆ ಪತ್ರದಲ್ಲೇ ಬರೆಸುವುದು ಕ್ಷೇಮ.

ಸ್ವಂತ ಮಕ್ಕಳ ಮುಂದೆ ಅಂಥ ಸಾಲು ಬರೆಸಲು ಅನೇಕ ತಂದೆತಾಯಂದಿರು ನಾಚುತ್ತಾರೆ, ಅಪನಂಬಿಕೆ ಅಂದುಕೊಂಡಾರು ಎಂದು ಅಂಜುತ್ತಾರೆ. ಧೃತರಾಷ್ಟ್ರ ರಾಜ್ಯದ ಮೇಲಿನ ಆಸೆಯನ್ನೆಲ್ಲ ಬಿಟ್ಟು ಹೊರಟವನು. ಆದರೂ ಸತ್ತ ಮಕ್ಕಳ ಶ್ರಾದ್ಧಕ್ಕೆ ಬೇಕಾದ ಹಣವನ್ನು, ಭೀಮ ಮುಖ ತಿರುಗಿಸುತ್ತಾನೆಂದು ಗೊತ್ತಿದ್ದೂ, ಬಾಯಿಬಿಟ್ಟು ಕೇಳಿ ಪಡೆದೇ ಹೋದ.